ಇನ್ಸುಲಿನ್ ಚುಚ್ಚುವ ಮುನ್ನ ಬೆರಳಿಂದ ಮುಟ್ಟಿ ನೋಡಿ

ಚುಚ್ಚುವುದು ಕೆಲವೇ ಸೆಕೆಂಡುಗಳ ಕೆಲಸ. ಈಗಿನ ಸೂಜಿಗಳು ಎಷ್ಟು ತೆಳುವೆಂದರೆ, ನೋವಾಯಿತು ಎನ್ನುವವರೇ ಕಡಿಮೆ. ಆದರೂ 'ಡೋಸ್ ಏರಿಸುತ್ತಲೇ ಇದ್ದೇವೆ ಸಿಸ್ಟರ್, ಶುಗರ್ ಮಾತ್ರ ಇಳಿಯುತ್ತಿಲ್ಲ' ಎನ್ನುತ್ತಾ ವಾರ್ಡಿಗೆ ಬಂದು ಸೇರುವವರನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಅವರಲ್ಲಿ ಅನೇಕರ ಔಷಧಿ ಸರಿಯಾಗಿಯೇ ಇರುತ್ತದೆ, ಊಟದ ಪಥ್ಯವೂ ಸರಿಯಾಗಿರುತ್ತದೆ. ಎಡವಟ್ಟಾಗಿರುವುದು ಔಷಧಿ ಬಾಟಲಿಯಿಂದ ಮೈ ಸೇರುವ ದಾರಿಯಲ್ಲಿ. ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಹೆಂಡತಿಗೋ ಇನ್ಸುಲಿನ್ ಕೊಡುವ ಹೊಣೆ ಹೊತ್ತವರಿಗಾಗಿ ಈ ಲೇಖನ. ಡೋಸ್ ಎಷ್ಟು ಎಂಬುದು ವೈದ್ಯರ ಮಾತು, ಅದರ ತಂಟೆಗೆ ನಾನು ಹೋಗುವುದಿಲ್ಲ.

ಬಾಟಲಿಗೂ ಸಿರಿಂಜಿಗೂ ಜೋಡಿ ಕೂಡಿಸಿ

ಇನ್ಸುಲಿನ್ ಪೆನ್ (ಡೋಸ್ ತಿರುಗಿಸಿ ಗುಂಡಿ ಒತ್ತಿ ಚುಚ್ಚುವ ಸಾಧನ) ಬಳಸುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಬಾಟಲಿಯಿಂದ ಎಳೆದು ಕೊಡುವವರು ಎರಡು ಸಲ ಓದಿ.

ಇನ್ಸುಲಿನ್ ಬಾಟಲಿಗಳು ಮುಖ್ಯವಾಗಿ ಎರಡು ಸಾಂದ್ರತೆಯಲ್ಲಿ ಬರುತ್ತವೆ. ಒಂದು ಎಂ.ಎಲ್.ನಲ್ಲಿ 40 ಯೂನಿಟ್ ಇರುವುದು ಒಂದು, 100 ಯೂನಿಟ್ ಇರುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಸಿರಿಂಜ್. ಸಾಮಾನ್ಯವಾಗಿ 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಸಿರಿಂಜಿನ ಮೇಲಿನ ಗೆರೆಗಳು ಯೂನಿಟ್ ಲೆಕ್ಕದಲ್ಲಿರುವುದರಿಂದ ಜೋಡಿ ತಪ್ಪಿದರೆ ಲೆಕ್ಕವೇ ತಪ್ಪುತ್ತದೆ. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು ಬರೀ 8 ಯೂನಿಟ್. ಅದಲುಬದಲಾದರೆ ಇನ್ನೂ ಅಪಾಯ: 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ ಅದೇ 20ರ ಗೆರೆಯವರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಇದು ಜೀವಕ್ಕೇ ಕುತ್ತು. ಅಂಗಡಿಯವರು 'ಇದೂ ಅದೇ, ನಡೆಯುತ್ತೆ' ಎಂದು ಬೇರೆ ಸಿರಿಂಜ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಮುಚ್ಚಳದ ಬಣ್ಣವನ್ನಷ್ಟೇ ನಂಬದೆ, ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಅಕ್ಕಪಕ್ಕ ಹಿಡಿದು ಓದಿ.

ಕೈ ತೊಳೆದು ಶುಗರ್ ನೋಡಿ

ಸೋಪು, ನೀರು, ಒಣಬಟ್ಟೆ ಸಾಕು. ಹಣ್ಣು ಹೆಚ್ಚಿದ ಕೈಯಲ್ಲೇ ಬೆರಳು ಚುಚ್ಚಿಕೊಂಡರೆ ಚರ್ಮಕ್ಕೆ ಅಂಟಿದ ಸಿಹಿಯೂ ಶುಗರ್ ಮೀಟರಿನ ಸ್ಟ್ರಿಪ್ಪಿಗೆ ಸೇರಿ, ಇಲ್ಲದ ಶುಗರ್ ತೋರಿಸುತ್ತದೆ. ಅದನ್ನು ನಂಬಿ ಹೆಚ್ಚು ಇನ್ಸುಲಿನ್ ಕೊಟ್ಟರೆ ಗತಿಯೇನು? ಬೆರಳಿನ ತುದಿಯ ನಡುವೆ ಚುಚ್ಚದೆ ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವಕ್ಕೆ ಸ್ಟ್ರಿಪ್ಪುಗಳು ಕೆಡುತ್ತವೆ.

ಹಾಲಿನಂತಿರುವುದನ್ನು ಬೆರೆಸಿ

ತಿಳಿನೀರಿನಂತಿರುವ ಇನ್ಸುಲಿನ್ನಿಗೆ ಈ ಹಂತ ಬೇಡ. ತಿಳಿಯಾಗಿರಬೇಕಾದದ್ದು ಕದಡಿದ್ದರೆ ಅಥವಾ ಬಣ್ಣ ಬದಲಾಗಿದ್ದರೆ ಎಸೆಯಿರಿ.

ಹಾಲಿನಂತೆ ಬೆಳ್ಳಗಿರುವ ಇನ್ಸುಲಿನ್ ಇಟ್ಟಲ್ಲೇ ಇದ್ದರೆ ಔಷಧಿ ತಳಕ್ಕಿಳಿಯುತ್ತದೆ. ಬೆರೆಸದೆ ಕೊಟ್ಟರೆ ಒಂದು ದಿನ ಬರೀ ನೀರು, ಇನ್ನೊಂದು ದಿನ ಗಟ್ಟಿ ಔಷಧಿ. ಎರಡೂ ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಆಮೇಲೆ ಹತ್ತು ಸಲ ನಿಧಾನವಾಗಿ ತಲೆಕೆಳಗು ಮಾಡಿ. ಬಾಯಿಬಿಟ್ಟು ಎಣಿಸಿ. ಮನಸ್ಸಿನಲ್ಲಿ ಎಣಿಸುವವರ ಹತ್ತು ನಾಲ್ಕಕ್ಕೇ ಮುಗಿಯುವುದನ್ನು ನಾನು ದಿನವೂ ನೋಡುತ್ತೇನೆ. ಜೋರಾಗಿ ಕುಲುಕಬೇಡಿ, ನೊರೆ ಬಂದು ಅಳತೆ ಕೆಡುತ್ತದೆ. ಬೆರೆಸಿದ ಮೇಲೂ ಗಂಟುಗಳು ತೇಲುತ್ತಿದ್ದರೆ, ಬಾಟಲಿಯ ಗೋಡೆಗೆ ಬಿಳಿ ಹರಳು ಅಂಟಿದ್ದರೆ ಆ ಬಾಟಲಿ ಮುಗಿಯಿತೆಂದೇ ತಿಳಿಯಿರಿ.

ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಫ್ರೀಜರಿನ ಪಕ್ಕ ಬೇಡ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಬಳಸುತ್ತಿರುವುದನ್ನು ಬಿಸಿಲು, ಒಲೆಯ ಕಾವು ತಾಕದ ಕಡೆ ಇಡಿ. ತೆರೆದ ದಿನಾಂಕವನ್ನು ಬಾಟಲಿಯ ಮೇಲೇ ಬರೆಯಿರಿ. ಹೆಚ್ಚಿನವು ತೆರೆದ ಮೇಲೆ 28 ದಿನ ಬಾಳುತ್ತವೆ, ಕೆಲವಕ್ಕೆ ಬೇರೆ ಗಡುವಿದೆ, ಪೆಟ್ಟಿಗೆಯೊಳಗಿನ ಹಾಳೆಯಲ್ಲಿ ನೋಡಿಕೊಳ್ಳಿ.

ಜಾಗ: ಎಲ್ಲರೂ ಎಡವುವುದು ಇಲ್ಲೇ

ನಮ್ಮ ಅಮ್ಮನಿಗೆ ಅಪ್ಪ ದಿನಕ್ಕೆರಡು ಸಲ ಇನ್ಸುಲಿನ್ ಕೊಡುತ್ತಿದ್ದರು. ಹೊಟ್ಟೆಯ ಬಲಗಡೆ, ಹೊಕ್ಕುಳಿಂದ ಮೂರು ಬೆರಳು ಆಚೆ, ಯಾವಾಗಲೂ ಅಲ್ಲೇ. 'ಅಲ್ಲಾದ್ರೆ ನೋವೇ ಆಗಲ್ಲ ಕಣೇ' ಎನ್ನುತ್ತಿದ್ದಳು ಅಮ್ಮ. ಒಂದು ಸಂಜೆ ಅಪ್ಪನಿಗೆ ಜ್ವರ, ಸೂಜಿ ನನ್ನ ಕೈಗೆ ಬಂತು. ಚರ್ಮ ಒರೆಸಲು ಬೆರಳಿಟ್ಟರೆ, ಒಳಗೆ ರಬ್ಬರ್ ಚೆಂಡನ್ನು ಅರ್ಧಕ್ಕೆ ಕತ್ತರಿಸಿ ಮಗುಚಿಟ್ಟ ಹಾಗೆ ಒಂದು ಗಡ್ಡೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕೈಗೆ ಮಾತ್ರ ಸಿಗುತ್ತಿತ್ತು.

ಇನ್ಸುಲಿನ್ನಿನ ಗುಣವೇ ಕೊಬ್ಬು ಬೆಳೆಸುವುದು. ಒಂದೇ ಕಡೆ ಬೀಳುತ್ತಿದ್ದರೆ ಅಲ್ಲಿನ ಕೊಬ್ಬು ಉಬ್ಬಿ ಗಟ್ಟಿಯಾಗುತ್ತದೆ. ವೈದ್ಯರು ಇದನ್ನು ಲಿಪೊಹೈಪರ್‌ಟ್ರೊಫಿ ಎನ್ನುತ್ತಾರೆ. ಒಂದೇ ಸೂಜಿಯನ್ನು ಮತ್ತೆ ಮತ್ತೆ ಬಳಸಿದರೆ ಇದು ಇನ್ನೂ ಹೆಚ್ಚು. ಅಲ್ಲಿ ಚುಚ್ಚಿದರೆ ನೋವು ತಿಳಿಯುವುದಿಲ್ಲ, ಹಾಗಾಗಿ ರೋಗಿ ಅದೇ ಜಾಗ ಕೇಳುತ್ತಾರೆ, ನಾವು ಪ್ರೀತಿಯಿಂದ ಅಲ್ಲೇ ಕೊಡುತ್ತೇವೆ. ಆದರೆ ಆ ಗಡ್ಡೆಯಿಂದ ಇನ್ಸುಲಿನ್ ರಕ್ತಕ್ಕೆ ಸೇರುವುದಕ್ಕೆ ಲೆಕ್ಕವೇ ಇಲ್ಲ. ಇವತ್ತು ಅರ್ಧ, ನಾಳೆ ಇನ್ನೊಂದಿಷ್ಟು. ಶುಗರ್ ಏರುಪೇರಾಗುತ್ತದೆ, ಡೋಸ್ ಏರುತ್ತದೆ, ಗಡ್ಡೆ ಇನ್ನೂ ದೊಡ್ಡದಾಗುತ್ತದೆ.

ಹುಡುಕುವುದು ಹೀಗೆ. ರೋಗಿಯನ್ನು ಮೊದಲು ನಿಲ್ಲಿಸಿ, ಆಮೇಲೆ ಮಲಗಿಸಿ ನೋಡಿ. ಬೆರಳ ತುದಿಗಳಿಗೆ ಸೋಪು ನೀರು ಸವರಿಕೊಂಡರೆ ಚರ್ಮದ ಮೇಲೆ ಬೆರಳು ಜಾರುತ್ತದೆ. ಹೊಟ್ಟೆ, ತೊಡೆ, ತೋಳು, ಎಲ್ಲೆಲ್ಲಿ ಚುಚ್ಚುತ್ತೀರೋ ಅಲ್ಲೆಲ್ಲ ಸಣ್ಣ ಸುತ್ತು ಹಾಕುತ್ತಾ ಹೊರಗಿನಿಂದ ಒಳಕ್ಕೆ ಬನ್ನಿ. ಮೆತ್ತಗಿದ್ದದ್ದು ಒಂದು ಕಡೆ ಗಟ್ಟಿಯಾಗುವ ಅಂಚು ಸಿಕ್ಕಿದರೆ ಅಲ್ಲಿ ಬರೆಯುವ ಪೆನ್ನಿನಿಂದ ಗುರುತು ಹಾಕಿ. ಅನುಮಾನವಿದ್ದರೆ ಹೆಬ್ಬೆರಳು ತೋರುಬೆರಳುಗಳಿಂದ ಚಿವುಟಿ ಎತ್ತಿ: ಆರೋಗ್ಯವಾದ ಚರ್ಮ ತೆಳುವಾದ ಮಡಿಕೆಯಾಗಿ ಎದ್ದು ಬರುತ್ತದೆ, ಗಡ್ಡೆಯ ಜಾಗ ಬರುವುದಿಲ್ಲ. ತಿಂಗಳಿಗೊಮ್ಮೆಯಾದರೂ ಇದನ್ನು ಮಾಡಿ. ಗಡ್ಡೆ ಸಿಕ್ಕಿದ ಕಡೆ ಮತ್ತೆ ಚುಚ್ಚಬೇಡಿ, ಅದು ಕರಗಲು ತಿಂಗಳುಗಳೇ ಬೇಕು.

ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಇಲ್ಲಿ ಬರೆಯುತ್ತಿದ್ದೇನೆ. ಗಡ್ಡೆ ಸಿಕ್ಕಿದ ಆ ಸಂಜೆ ಅದೇ ಡೋಸನ್ನು ಎಡಗಡೆ, ಹೊಸ ಚರ್ಮಕ್ಕೆ ಕೊಟ್ಟೆ. ರಾತ್ರಿ ಮೂರು ಗಂಟೆಗೆ ಅಪ್ಪ ಎಬ್ಬಿಸಿದರು. ಅಮ್ಮನ ದಿಂಬು ಬೆವರಿನಿಂದ ತೊಯ್ದಿತ್ತು, ಮಾತು ತೊದಲುತ್ತಿತ್ತು, ಮೀಟರಿನಲ್ಲಿ 48. ಹೊಸ ಜಾಗದಲ್ಲಿ ಇನ್ಸುಲಿನ್ ಪೂರ್ತಿ ಕೆಲಸ ಮಾಡಿತ್ತು. ಗಡ್ಡೆಯಿಂದ ಒಳ್ಳೆಯ ಚರ್ಮಕ್ಕೆ ಬದಲಾಯಿಸುವಾಗ ಡೋಸನ್ನು ಐದನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ತಗ್ಗಿಸಬೇಕಾಗಿ ಬರುತ್ತದೆ. ಮೊದಲು ವೈದ್ಯರಿಗೆ ಹೇಳಿ, ಆಮೇಲೆ ಜಾಗ ಬದಲಿಸಿ. ಆ ಕೆಲವು ದಿನ ಶುಗರನ್ನು ಹೆಚ್ಚು ಸಲ ನೋಡಿ.

ಗಡ್ಡೆಯೇ ಬಾರದಂತೆ ಹಂಚಿಕೊಳ್ಳುವುದಕ್ಕೆ ನನಗೆ ಹಿಡಿಸಿದ ಕ್ರಮ ಒಂದೇ. ಹೊಕ್ಕುಳನ್ನು ನಡುವಿಟ್ಟು ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ. ವಾರಕ್ಕೊಂದು ಭಾಗ, ಗಡಿಯಾರದ ಮುಳ್ಳು ತಿರುಗುವ ಹಾಗೆ. ಅದರೊಳಗೆ ಹಿಂದಿನ ಸಲ ಚುಚ್ಚಿದ್ದಕ್ಕಿಂತ ಒಂದು ಬೆರಳಗಲ ಆಚೆ. ಹೊಕ್ಕುಳ ಸುತ್ತ ಎರಡು ಬೆರಳಗಲ ಬಿಡಿ. ತೊಡೆಯಾದರೆ ಮೇಲ್ಭಾಗದ ಹೊರಮಗ್ಗುಲು. 'ಇವತ್ತು ಎಲ್ಲಿ ಕೊಡೋಣ' ಎಂದು ರೋಗಿಯನ್ನು ಕೇಳಿದರೆ ಮತ್ತೆ ನೋವಿಲ್ಲದ ಜಾಗವನ್ನೇ ತೋರಿಸುತ್ತಾರೆ. ಕೇಳಬೇಡಿ, ಕ್ಯಾಲೆಂಡರ್ ನೋಡಿ ಕೊಡಿ.

ಈಗ ಚುಚ್ಚಿ

ಪೆನ್ನಾದರೆ ಪ್ರತಿಸಲ ಹೊಸ ಸೂಜಿ ಹಾಕಿ, 2 ಯೂನಿಟ್ ತಿರುಗಿಸಿ, ಸೂಜಿ ಮೇಲ್ಮುಖವಾಗಿಟ್ಟು ಗುಂಡಿ ಒತ್ತಿ. ತುದಿಯಲ್ಲಿ ಹನಿ ಕಂಡರೆ ಮಾತ್ರ ಡೋಸ್ ತಿರುಗಿಸಿ, ಕಾಣದಿದ್ದರೆ ಮತ್ತೊಮ್ಮೆ. ವಯಸ್ಕರಿಗೆ 4 ಮಿಲಿಮೀಟರ್ ಸೂಜಿ ಸಾಕು, ದಪ್ಪ ಇರುವವರಿಗೂ ಸಾಕು. ಉದ್ದ ಸೂಜಿ ಹೆಚ್ಚು ಕೆಲಸ ಮಾಡುತ್ತದೆಂಬುದು ಸುಳ್ಳು. ಅದು ಮಾಂಸಖಂಡಕ್ಕೆ ತಾಗಿದರೆ ಇನ್ಸುಲಿನ್ ಬೇಗ ಹೀರಿ ಶುಗರ್ ದಿಢೀರ್ ಕುಸಿಯಬಹುದು. 4 ಮಿಲಿಮೀಟರಿನದನ್ನು ನೆಟ್ಟಗೆ ಚುಚ್ಚಿ. ಸಿರಿಂಜಿನ ಸೂಜಿ ಉದ್ದವಿರುವುದರಿಂದ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿದು, ತೆಳ್ಳಗಿರುವವರಿಗೆ ಓರೆಯಾಗಿ ಚುಚ್ಚಿ.

ಗುಂಡಿ ಪೂರ್ತಿ ಒತ್ತಿದ ಮೇಲೆ ಹತ್ತು ಎಣಿಸುವವರೆಗೆ ಸೂಜಿ ತೆಗೆಯಬೇಡಿ. ಬೇಗ ತೆಗೆದರೆ ಔಷಧಿ ಚರ್ಮದ ಮೇಲೆ ಜಿನುಗುತ್ತದೆ. ಆಮೇಲೆ ಉಜ್ಜಬೇಡಿ. ಸ್ಪಿರಿಟ್ ಹಚ್ಚಿದ್ದರೆ ಅದು ಒಣಗುವವರೆಗೆ ಕಾದು ಚುಚ್ಚಿ, ಉರಿಗೆ ಕಾರಣ ಬಹಳ ಸಲ ಆ ಹಸಿ ಸ್ಪಿರಿಟ್ಟೇ. ಸೂಜಿಯನ್ನು ಪೆನ್ನಿನಲ್ಲೇ ಬಿಟ್ಟರೆ ಒಳಗೆ ಗಾಳಿ ಹೋಗುತ್ತದೆ. ಒಬ್ಬರ ಪೆನ್ನನ್ನು ಇನ್ನೊಬ್ಬರಿಗೆ ಸೂಜಿ ಬದಲಿಸಿಯೂ ಬಳಸಬಾರದು, ರಕ್ತ ಒಳಗೆ ಹಿಂದಿರುಗಿ ಸೋಂಕು ದಾಟುತ್ತದೆ.

ಊಟದ ಲೆಕ್ಕ, ಶುಗರ್ ಕುಸಿದರೆ

ಹಳೆಯ ಬಗೆಯ ತಿಳಿ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮುಂಚೆ. ಹೊಸ ಬಗೆಯ ವೇಗದ್ದು ಊಟಕ್ಕೆ ಕೂರುವಾಗ. ಊಟ ಸಿದ್ಧವಾಗದೆ ಇವೆರಡರಲ್ಲಿ ಯಾವುದನ್ನೂ ಕೊಡಬೇಡಿ.

ಬೆವರು, ನಡುಕ, ಎದೆಬಡಿತ, ಸಿಡುಕು ಕಂಡರೆ ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್, ಅಂದರೆ ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಿಸುತ್ತದೆ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ (ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನು ನಿಧಾನಿಸುವಂಥದ್ದು) ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆಯೂ ಬೇಗ ಕೆಲಸ ಮಾಡದು, ಗ್ಲೂಕೋಸೇ ಆಗಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ ಆಂಬುಲೆನ್ಸ್ ಕರೆಯಿರಿ.

ಜ್ವರ ಬಂತು, ಊಟ ಸೇರುತ್ತಿಲ್ಲ ಎಂದು ಇನ್ಸುಲಿನ್ನನ್ನೇ ನಿಲ್ಲಿಸಿಬಿಡುವವರಿದ್ದಾರೆ. ಕಾಯಿಲೆ ಬಿದ್ದ ಮೈಯಲ್ಲಿ ಉಣ್ಣದಿದ್ದರೂ ಶುಗರ್ ಏರಬಹುದು. ನಿಲ್ಲಿಸುವ ಮುಂಚೆ ವೈದ್ಯರನ್ನು ಕೇಳಿ, ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ.

ಲಿವರ್ ಅಥವಾ ಮೇದೋಜೀರಕದ ಕಾಯಿಲೆಯೂ ಇದ್ದರೆ

ಇವರ ಆರೈಕೆಯಲ್ಲಿ ಎರಡು ಪಟ್ಟು ಎಚ್ಚರ ಬೇಕು. ಊಟಗಳ ನಡುವೆ ಶುಗರ್ ಬೀಳದಂತೆ ಕಾಯುವುದು ಲಿವರಿನಲ್ಲಿ ಕೂಡಿಟ್ಟ ಸಕ್ಕರೆ. ಸಿರೋಸಿಸ್ ಆದ, ಅಂದರೆ ಕಲೆಗಟ್ಟಿ ಗಟ್ಟಿಯಾದ ಲಿವರಿನಲ್ಲಿ ಆ ದಾಸ್ತಾನು ಕಡಿಮೆ, ಹಾಗಾಗಿ ರಾತ್ರಿ ಉಪವಾಸ ಇವರಿಗೆ ಆಗಿಬರದು. ಮಲಗುವ ಮುಂಚೆ ಏನಾದರೂ ತಿನ್ನಲೇಬೇಕು. ಇಂಥವರು ಮಂಕಾಗಿ, ಹಗಲಿಡೀ ತೂಕಡಿಸಿ, ಸಂಬಂಧವಿಲ್ಲದ್ದು ಮಾತಾಡಿದರೆ ಮನೆಯವರು 'ಲಿವರ್ ತಲೆಗೆ ಏರಿದೆ' ಎಂದು ಕೂರುತ್ತಾರೆ. ಮೊದಲು ಮೀಟರ್ ತೆಗೆದು ಶುಗರ್ ನೋಡಿ. ಶುಗರ್ ಸರಿಯಿದ್ದರೆ ತಡಮಾಡದೆ ಆಸ್ಪತ್ರೆಗೆ. ಈ ಮಂಕು ತಡೆಯಲು ಲ್ಯಾಕ್ಟುಲೋಸ್ ಸಿರಪ್ ಕೊಡುತ್ತಿದ್ದರೆ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಿಸರ್ಜನೆ ಆಗಬೇಕು. 'ಭೇದಿ ಆಗುತ್ತಿದೆ' ಎಂದು ತಾವಾಗಿಯೇ ಅದನ್ನು ನಿಲ್ಲಿಸಿ ಬರುವವರೇ ಹೆಚ್ಚು.

ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಹಾಳಾದವರಲ್ಲಿ ಅಥವಾ ತೆಗೆಸಿದವರಲ್ಲಿ ಇನ್ಸುಲಿನ್ ಮಾತ್ರವಲ್ಲ, ಶುಗರ್ ಏರಿಸುವ ಗ್ಲೂಕಗಾನ್ ಹಾರ್ಮೋನೂ ಕೊರತೆಯಾಗುತ್ತದೆ. ಕುಸಿದ ಶುಗರ್ ತಾನಾಗಿ ಮೇಲೇಳುವುದು ಕಷ್ಟ. ಜೀರ್ಣಕ್ಕೆ ನೆರವಾಗಲು ಇವರಿಗೆ ಕೊಡುವ ಎಂಜೈಮ್ ಕ್ಯಾಪ್ಸೂಲನ್ನು ಮೊದಲ ತುತ್ತಿನ ಜೊತೆಗೇ ನುಂಗಿಸಬೇಕು. ಊಟ ಮುಗಿದು ಅರ್ಧ ಗಂಟೆಯ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ಉಂಡದ್ದು ಜೀರ್ಣವಾಗದಿದ್ದರೆ, ಆ ಊಟದ ಲೆಕ್ಕದಲ್ಲಿ ಚುಚ್ಚಿದ ಇನ್ಸುಲಿನ್ ಹೆಚ್ಚಾಗಿ ಶುಗರ್ ಕುಸಿಯಬಹುದು.

ಪಿತ್ತಕೋಶದ ಕಲ್ಲಿರುವವರಲ್ಲಿ ಬಲ ಪಕ್ಕೆಯ ಕೆಳಗೆ ನೋವು, ಚಳಿಜ್ವರ, ಕಣ್ಣು ಹಳದಿ, ಮೂರೂ ಸೇರಿದರೆ ಬೆಳಗಾಗಲಿ ಎಂದು ಕಾಯಬೇಡಿ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ನೋವು ಮಂದವಾಗಿಯೂ ಇರಬಹುದು.

ಸೂಜಿ ಎಸೆಯುವುದು

ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ನೇರವಾಗಿ ಹಾಕಿ, ಮುಕ್ಕಾಲು ತುಂಬಿದಾಗ ಬಿಗಿಯಾಗಿ ಮುಚ್ಚಿ ಆಸ್ಪತ್ರೆಗೆ ಒಪ್ಪಿಸಿ. ಕಸದ ಚೀಲಕ್ಕೆ ಬಿಡಿಯಾಗಿ ಹಾಕಿದರೆ ಅದನ್ನು ಎತ್ತುವವರ ಕೈಗೆ ಚುಚ್ಚುತ್ತದೆ.

ಒಂದು ನೋಟ್‌ಬುಕ್ ಇಡಿ: ದಿನಾಂಕ, ಹೊತ್ತು, ಶುಗರ್, ಎಷ್ಟು ಯೂನಿಟ್, ಯಾವ ಭಾಗ. ಅಪ್ಪ ಈಗ ಕೊನೆಯ ಕಾಲಂನಲ್ಲಿ 'ಎಡ ಮೇಲೆ', 'ಎಡ ಕೆಳಗೆ' ಎಂದು ಬರೆದು, ಅದರ ಮುಂದೆ 'ಮುಟ್ಟಿ ನೋಡಿದೆ' ಎಂದೂ ಬರೆಯುತ್ತಾರೆ.