ನಾಯಿಯ ಬಟ್ಟಲಿಗೆ ಸೊಪ್ಪು ಹಾಕುವ ಮುನ್ನ

ಸೊಪ್ಪು ಬಿಡಿಸುತ್ತಾ ಕೂತಿದ್ದೀರಿ. ಕಾಲ ಬುಡದಲ್ಲಿ ನಾಯಿ. ಕೈಯಿಂದ ಜಾರಿದ ಒಂದೆಲೆಯನ್ನು ಗಬಕ್ಕನೆ ಬಾಯಿಗೆ ಹಾಕಿಕೊಳ್ಳುತ್ತದೆ, ನುಂಗುತ್ತದೆ, ಮತ್ತೆ ನಿಮ್ಮ ಮುಖ ನೋಡುತ್ತದೆ. ಇನ್ನೊಂದು ಕೊಡಬಹುದಾ? ಕೊಡಬಹುದು. ಆದರೆ ಯಾವ ಸೊಪ್ಪು, ಹೇಗೆ, ಎಷ್ಟು ಅನ್ನುವುದು ಗೊತ್ತಿರಬೇಕು.

ನಾಯಿ ಎಲೆ ತಿನ್ನುವುದೇನೂ ವಿಚಿತ್ರವಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಸಂಶೋಧಕರು 2008ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ನಾಯಿ ಸಾಕಿದ 1,571 ಮಂದಿಯ ಉತ್ತರ ಅದರಲ್ಲಿತ್ತು. ಶೇ 68ರಷ್ಟು ಮಂದಿ, ತಮ್ಮ ನಾಯಿ ದಿನಾ ಅಥವಾ ವಾರಕ್ಕೊಮ್ಮೆಯಾದರೂ ಹುಲ್ಲನ್ನೋ ಗಿಡವನ್ನೋ ಮೇಯುತ್ತದೆ ಎಂದಿದ್ದರು. ಮೇಯುವ ಮೊದಲು ನಾಯಿಗೆ ಆಗಾಗ ಹುಷಾರಿಲ್ಲದಂತೆ ಕಂಡಿದ್ದು ಶೇ 8ರಷ್ಟು ಜನರಿಗೆ ಮಾತ್ರ. ಹೊಟ್ಟೆ ಕೆಟ್ಟಾಗಲೇ ನಾಯಿ ಹುಲ್ಲು ತಿನ್ನುವುದು ಅನ್ನುವ ಮಾತಿಗೆ ಅಷ್ಟೇನೂ ಆಧಾರವಿಲ್ಲ.

ಹಾಗಂತ ಸೊಪ್ಪಿಲ್ಲದೆ ನಾಯಿ ಸೊರಗುವುದಿಲ್ಲ. ಸರಿಯಾದ ಆಹಾರ ತಿನ್ನುವ ನಾಯಿಗೆ ಇದು ಸುಮ್ನೆ ಮೇಲಿಂದ ಸಿಗುವ ಬಾಯಿರುಚಿ. ವಿಟಮಿನ್ ಸಿ ಅಂತೂ ನಾಯಿಯ ಯಕೃತ್ತಿನಲ್ಲೇ ತಯಾರಾಗುತ್ತದೆ. ನಾರು, ನೀರು ಸಿಗುತ್ತದೆ. ಕ್ಯಾಲೊರಿ ತೀರಾ ಕಡಿಮೆ. ಸ್ವಲ್ಪ ದಪ್ಪಗಾಗಿ, ಯಾವಾಗಲೂ ತಿಂಡಿಗೆ ಕಾಡುವ ನಾಯಿಗೆ ಬಿಸ್ಕತ್ತಿಗಿಂತ ಇದು ವಾಸಿ.

ಮೊದಲ ಹೆಜ್ಜೆ: ಈರುಳ್ಳಿ ಬಳಗವನ್ನು ದೂರವಿಡಿ

ಯಾವುದು ಕೊಡಬೇಕು ಅನ್ನುವುದಕ್ಕಿಂತ ಯಾವುದು ಕೊಡಬಾರದು ಅನ್ನುವುದರಿಂದಲೇ ಶುರು ಮಾಡೋಣ. ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ ಎಲೆ, ಲೀಕ್, ಚೈವ್ಸ್ ಎಲ್ಲ ಒಂದೇ ಕುಟುಂಬ. ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಒಣಗಿಸಿ ಪುಡಿ ಮಾಡಿದರೆ ಇನ್ನೂ ತೀಕ್ಷ್ಣ. ಅಕಿಟಾ, ಶಿಬಾ ಇನುವಿನಂಥ ಜಪಾನಿ ತಳಿಗಳಿಗೆ ಇದು ಬೇಗ ತಾಗುತ್ತದೆ.

ಮೋಸ ಆಗುವುದು ಇಲ್ಲೇ. ತಿಂದ ದಿನ ನಾಯಿ ಚೆನ್ನಾಗಿಯೇ ಓಡಾಡಿಕೊಂಡಿರಬಹುದು. ಲಕ್ಷಣ ಕಾಣಿಸುವುದು ಕೆಲವು ದಿನ ಕಳೆದ ಮೇಲೆ: ವಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಂದು ಕೆಂಪಾಗುತ್ತದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅಷ್ಟರವರೆಗೆ ಕಾಯಬೇಡಿ. ತಿಂದಿದ್ದು ಗೊತ್ತಾದ ಕೂಡಲೇ, ಎಷ್ಟು ತಿಂದಿತು ಎಂದು ಅಂದಾಜು ಮಾಡಿಕೊಂಡು ಪಶುವೈದ್ಯರಿಗೆ ಫೋನ್ ಮಾಡಿ.

ಟೊಮೆಟೊ ಮತ್ತು ಆಲೂಗಡ್ಡೆ ಗಿಡದ ಎಲೆ, ರೂಬಾರ್ಬ್ ಎಲೆ ಕೂಡ ಬೇಡ. ನಮಗಾಗಿ ಉಪ್ಪು, ಎಣ್ಣೆ, ಮಸಾಲೆ ಹಾಕಿ ಮಾಡಿದ ಸೊಪ್ಪಿನ ಅಡುಗೆಯೂ ಬೇಡ. ಅದರಲ್ಲಿ ಈರುಳ್ಳಿಯೋ ಬೆಳ್ಳುಳ್ಳಿಯೋ ಇದ್ದೇ ಇರುತ್ತದೆ, ಅಲ್ವಾ?

ಎರಡನೆಯದು: ನಿಮ್ಮ ನಾಯಿಗೆ ಹೊಂದುವುದನ್ನು ಆರಿಸಿ

ಲೆಟ್ಯೂಸ್ ಬಹುಪಾಲು ನೀರು. ಹೆಚ್ಚು ಉಪಕಾರವಿಲ್ಲ, ಅಪಕಾರವೂ ಇಲ್ಲ. ಮೊದಲ ಸಲ ಕೊಡುವವರು ಇದರಿಂದ ಶುರು ಮಾಡಬಹುದು. ಕೊತ್ತಂಬರಿ ಸೊಪ್ಪೂ ಚಿಟಿಕೆಯಷ್ಟು ಆಗುತ್ತದೆ.

ಎಲೆಕೋಸು ಮತ್ತು ಕೇಲ್ ಗ್ಯಾಸ್ ತರಿಸುತ್ತವೆ. ನಮ್ಮನೆ ನಾಯಿಗೆ ಒಮ್ಮೆ ಹಸಿ ಎಲೆಕೋಸು ಧಾರಾಳವಾಗಿ ಹಾಕಿದ್ದೆ. ಅವತ್ತು ರಾತ್ರಿ ನಾವು ಕಿಟಕಿ ತೆಗೆದಿಟ್ಟೇ ಮಲಗಿದ್ದು. ಹಸಿಯಾಗಿ ತಿಂಗಳುಗಟ್ಟಲೆ ಜಾಸ್ತಿ ತಿನ್ನಿಸಿದರೆ ಈ ಜಾತಿಯ ಸೊಪ್ಪು ಥೈರಾಯ್ಡ್ ಗ್ರಂಥಿಯ ಕೆಲಸಕ್ಕೂ ಅಡ್ಡ ಬರಬಹುದು. ಬೇಯಿಸಿದರೆ ಎರಡೂ ತೊಂದರೆ ಕಡಿಮೆ. ಎಲೆಕೋಸಿನ ನಡುವಿನ ಗಟ್ಟಿ ದಿಂಡನ್ನು ಮಾತ್ರ ಕೊಡಲೇಬೇಡಿ. ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಂಡೀತು.

ಪಾಲಕ್, ಬೀಟ್ರೂಟ್ ಸೊಪ್ಪಿನ ಕಥೆ ಬೇರೆ. ಇವುಗಳಲ್ಲಿ ಆಕ್ಸಲೇಟ್ ಎಂಬ ಸಂಯುಕ್ತ ಜಾಸ್ತಿ. ಅದು ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟುತ್ತದೆ. ಆರೋಗ್ಯವಾಗಿರುವ ನಾಯಿಗೆ ಅಪರೂಪಕ್ಕೊಂದು ಚಮಚದಿಂದ ಏನೂ ಆಗುವುದಿಲ್ಲ. ಆದರೆ ಕಿಡ್ನಿ ತೊಂದರೆ ಇದ್ದರೆ, ಹಿಂದೆ ಮೂತ್ರಕೋಶದಲ್ಲಿ ಕಲ್ಲಾಗಿದ್ದರೆ ಪಾಲಕ್ ಆಸೆ ಬಿಟ್ಟುಬಿಡಿ. ಮಿನಿಯೇಚರ್ ಶ್ನಾವ್ಜರ್, ಶಿಹ್ ಟ್ಸು, ಲಾಸಾ ಆಪ್ಸೊ, ಬಿಶಾನ್ ಫ್ರೀಜ್, ಯಾರ್ಕ್‌ಶೈರ್ ಟೆರಿಯರ್ ಸಾಕಿದವರೂ ಅಷ್ಟೇ. ಈ ತಳಿಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಆಗುವುದು ಜಾಸ್ತಿ. ಆಹಾರ ಬದಲಿಸಿ ಕರಗಿಸಲು ಬರುವ ಕಲ್ಲೂ ಇದಲ್ಲ, ತೆಗೆಸಲೇಬೇಕಾಗುತ್ತದೆ.

ಮೂರನೆಯದು: ತೊಳೆದು, ಬೇಯಿಸಿ, ಹಿಂಡಿ

ಎಲೆ ಬಿಡಿಸಿಕೊಂಡು ಹರಿಯುವ ನೀರಲ್ಲಿ ತೊಳೆಯಿರಿ. ಬುಡದಲ್ಲಿ ಮಣ್ಣು ಕೂತಿರುತ್ತದೆ, ಅಲ್ಲಿ ಬೆರಳಾಡಿಸಿ. ಗಟ್ಟಿ ದಂಟು ತೆಗೆದುಬಿಡಿ. ನೀರು ಕುದಿಸಿ, ಉಪ್ಪು ಹಾಕದೆ, ಸೊಪ್ಪು ಮೆತ್ತಗಾಗುವವರೆಗೆ ಬೇಯಿಸಿ. ಬೆಂದ ನೀರನ್ನು ಚೆಲ್ಲಿ. ಸತ್ವ ಹೋಗುತ್ತಲ್ಲ ಎಂದು ಆ ನೀರನ್ನು ಬಟ್ಟಲಿಗೆ ಸುರಿಯುವವರಿದ್ದಾರೆ. ಆಕ್ಸಲೇಟ್ ಇಳಿದಿರುವುದೂ ಅದೇ ನೀರಿಗೆ. ಹಬೆಯಲ್ಲಿ ಬೇಯಿಸಿದರೆ ಅದು ಅಷ್ಟಾಗಿ ಇಳಿಯುವುದಿಲ್ಲ.

ಆರಿದ ಮೇಲೆ ಹಿಂಡಿ, ಸಣ್ಣಗೆ ಹೆಚ್ಚಿ. ನಾಯಿಯ ಹಲ್ಲು ಕತ್ತರಿಸುವ ಹಲ್ಲು. ದನದ ಹಾಗೆ ದವಡೆ ಅಡ್ಡಡ್ಡ ಆಡಿಸಿ ಅರೆಯಲು ಅದಕ್ಕೆ ಬರುವುದಿಲ್ಲ. ಎಲೆಯ ನಾರನ್ನು ಕರಗಿಸುವ ಶಕ್ತಿಯೂ ಅದರ ಹೊಟ್ಟೆಗಿಲ್ಲ. ಇಡೀ ಎಲೆ ಕೊಟ್ಟರೆ ಮಾರನೇ ದಿನ ಇಡೀ ಎಲೆಯೇ ಆಚೆ ಬರುವುದನ್ನು ನೋಡಬಹುದು.

ನಾಲ್ಕನೆಯದು: ಅಳತೆ

ಪಶುವೈದ್ಯರು ಹೇಳುವ ಲೆಕ್ಕವೊಂದಿದೆ. ದಿನದ ಕ್ಯಾಲೊರಿಯಲ್ಲಿ ಶೇ 10ಕ್ಕಿಂತ ಜಾಸ್ತಿ ಮೇಲ್ತಿಂಡಿಯಿಂದ ಬರಬಾರದು. ಬಿಸ್ಕತ್ತಿಗೆ ಇದು ಸರಿ. ಇದೇ ಲೆಕ್ಕವನ್ನು ಸೊಪ್ಪಿಗೆ ಹಚ್ಚಿ ನೋಡಿ. 10 ಕಿಲೊ ತೂಕದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು ಅಂದುಕೊಳ್ಳೋಣ. ಅದರಲ್ಲಿ ಹತ್ತನೇ ಒಂದು ಪಾಲು 60. ನೂರು ಗ್ರಾಂ ಪಾಲಕ್‌ನಲ್ಲಿ ಇರುವುದೇ 23 ಕ್ಯಾಲೊರಿ. ಅಂದರೆ ಕಾಲು ಕಿಲೊ ಪಾಲಕ್ ಹಾಕಬಹುದು ಅಂತಾಯಿತು! ಅಷ್ಟು ತಿಂದರೆ ಭೇದಿ ಖಂಡಿತ. ಆಮೇಲೆ ಬಟ್ಟಲಲ್ಲಿರುವ ನಿಜವಾದ ಊಟಕ್ಕೆ ಹೊಟ್ಟೆಯಲ್ಲಿ ಜಾಗವೂ ಇರುವುದಿಲ್ಲ. ಸೊಪ್ಪಿಗೆ ಕ್ಯಾಲೊರಿ ಲೆಕ್ಕ ಬೇಡ, ಚಮಚದ ಲೆಕ್ಕ ಸಾಕು.

ನಾನು ಇಟ್ಟುಕೊಂಡಿರುವ ಅಳತೆ ಇದು. 10 ಕಿಲೊ ಒಳಗಿನ ನಾಯಿಗೆ ಬೇಯಿಸಿ ಹಿಂಡಿದ ಸೊಪ್ಪು ಒಂದು ಟೀ ಚಮಚ. ಮಧ್ಯಮ ಗಾತ್ರದ್ದಕ್ಕೆ ಒಂದು ದೊಡ್ಡ ಚಮಚ. ತೀರಾ ದೊಡ್ಡ ನಾಯಿಗೆ ಎರಡು. ಅದೂ ವಾರಕ್ಕೆ ಎರಡು ಮೂರು ದಿನ, ದಿನದ ಊಟದಲ್ಲಿ ಕಲಸಿ. ಮರಿಗಳಿಗೆ ಅವಸರ ಬೇಡ. ಬೆಳೆಯುವ ಕಾಲದಲ್ಲಿ ಆ ಪುಟ್ಟ ಹೊಟ್ಟೆಗೆ ಅದರ ಸ್ವಂತ ಊಟವೇ ಹೋಗಲಿ.

ಒಂದು ಸಲಕ್ಕೆ ಒಂದೇ ಬಗೆಯ ಸೊಪ್ಪು ಕೊಡಿ. ಎರಡು ದಿನ ಬಿಟ್ಟು ನೋಡಿ. ಕಕ್ಕ ಸ್ವಲ್ಪ ಹಸಿರಾದರೆ ಗಾಬರಿಯಾಗಬೇಡಿ. ವಾಂತಿ, ಭೇದಿ, ಮೈ ಕೆರೆತ ಕಂಡರೆ ನಿಲ್ಲಿಸಿ. ಮೂರು ಸೊಪ್ಪು ಒಟ್ಟಿಗೆ ಹಾಕಿದ್ದರೆ ಯಾವುದು ಆಗಲಿಲ್ಲ ಅಂತ ಪತ್ತೆಯಾಗುವುದು ಕಷ್ಟ.

ಇನ್ನೊಂದು ಮಾತು. ಎಲೆಯ ರುಚಿ ಹತ್ತಿದ ನಾಯಿ ಕುಂಡದ ಗಿಡಗಳಿಗೂ ಬಾಯಿ ಹಾಕೀತು. ಮನಿ ಪ್ಲಾಂಟ್, ಡೀಫನ್‌ಬೇಕಿಯಾ ಎಲೆಗಳಲ್ಲಿ ಸೂಜಿಯಂಥ ಹರಳುಗಳಿವೆ. ಅಗಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ. ಅಲಂಕಾರಕ್ಕೆ ಬೆಳೆಸುವ ಸೈಕಸ್ ಇನ್ನೂ ಅಪಾಯ, ಯಕೃತ್ತನ್ನೇ ಹಾಳು ಮಾಡುತ್ತದೆ. ಮೊದಲಿನ ಎರಡನ್ನು ನಾಯಿಗೆ ಎಟುಕದಷ್ಟು ಎತ್ತರದಲ್ಲಿಡಿ. ಸೈಕಸ್ ಇದ್ದರೆ ನಾಯಿ ಇಲ್ಲದ ಮನೆಗೆ ಕೊಟ್ಟುಬಿಡಿ.