ಟ್ರ್ಯಾಕ್‌ಗೆ ಹೋಗೋ ಮುಂಚೆ ಬ್ರೇಕ್ ಆಯಿಲ್: ನನ್ನ ಅನುಭವ

ಹುಬ್ಬಳ್ಳಿ ಕಡೆ ರೇಸ್ ಟ್ರ್ಯಾಕ್ ಇಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗಬೇಕೆಂದರೆ ನಮ್ಮೂರ ಪಕ್ಕದಲ್ಲೇ ಹಾಯುವ 48ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಸುಮಾರು 750 ಕಿ.ಮೀ. ಓಡಿಸಬೇಕು. ಅಲ್ಲಿ ದಿನವಿಡೀ ದುಡಿಸಿದ ಬ್ರೇಕನ್ನೇ ನಂಬಿ ವಾಪಸ್ಸೂ ಬರಬೇಕು. ನನ್ನ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಕಾರಿನ ತಯಾರಿಯೆಲ್ಲ ಈ ಲೆಕ್ಕದ ಮೇಲೆ. ಎಂಜಿನ್ ಮುಟ್ಟಿಲ್ಲ, ಇದ್ದ ಶಕ್ತಿಯೇ ಸಾಕು.

ಒಂದೂವರೆ ಟನ್ ಭಾರವನ್ನು 180ರ ವೇಗದಿಂದ 80ಕ್ಕೆ ಇಳಿಸಿದರೆ ಹುಟ್ಟುವ ಶಾಖ ಐದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಅದೂ ಮೂರ್ನಾಲ್ಕು ಸೆಕೆಂಡಿನಲ್ಲಿ. 3.7 ಕಿ.ಮೀ.ಯ ಸುತ್ತಿನಲ್ಲಿ 12 ತಿರುವುಗಳಿವೆ; ಬ್ರೇಕ್ ಡಿಸ್ಕ್ ತಣ್ಣಗಾಗುವಷ್ಟರಲ್ಲಿ ಮತ್ತೊಂದು ತಿರುವು ಬಂದಿರುತ್ತದೆ.

ಆದ್ದರಿಂದ ಮೊದಲ ದುಡ್ಡು ಬ್ರೇಕ್ ಆಯಿಲ್‌ಗೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎನ್ನುವುದು ನಿಯಮ. ಅದು ಗಾಳಿಯ ತೇವ ಹೀರುತ್ತದೆ. ನೀರು ಸೇರಿದ ಆಯಿಲ್‌ಗೆ ಅದೇ ನಿಯಮ ಇಟ್ಟಿರುವ ಮಿತಿ 155 ಡಿಗ್ರಿ ಮಾತ್ರ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗೆ ಆಯಿಲ್ ಕುದ್ದರೆ ಆವಿಯ ಗುಳ್ಳೆ ಏಳುತ್ತದೆ, ಗುಳ್ಳೆ ಅದುಮಿಕೊಳ್ಳುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ನಾನು ಹಾಕುವುದು 300 ಡಿಗ್ರಿ ದಾಟಿದ ಕುದಿಬಿಂದುವಿನ ರೇಸಿಂಗ್ ಡಾಟ್ 4. ಅರ್ಧ ಲೀಟರಿನ ಮೂರು ಬಾಟಲಿ: ಎರಡು ಮನೆಯಲ್ಲಿ ಬದಲಿಸಲು, ಒಂದು ಸೀಲ್ ಒಡೆಯದೆ ಡಿಕ್ಕಿಯಲ್ಲಿ. ಹೋದ ಸಲದ ಅರ್ಧ ಬಾಟಲಿ ಉಳಿದಿದ್ದರೆ ಚೆಲ್ಲಿಬಿಡಿ. ಡಾಟ್ 5 ಸಿಲಿಕೋನ್, ಬೇರೆಯೇ ಜಾತಿ, ಬೆರೆಸಲೇಬೇಡಿ.

ಹೊರಡುವ ವಾರವೇ ಬದಲಿಸುತ್ತೇನೆ. ಕಾರಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿರುವ ಹಳೆ ಆಯಿಲನ್ನು ಮೆಡಿಕಲ್ ಶಾಪಿನ ಸಿರಿಂಜಿನಿಂದ ಎಳೆದು ಹೊಸದು ತುಂಬುವುದು. ಆಮೇಲೆ 11ರ ರಿಂಗ್ ಸ್ಪ್ಯಾನರ್, ಕ್ಯಾಲಿಪರ್‌ನ ನಿಪ್ಪಲಿಗೆ (ಆಯಿಲ್ ಹೊರಬಿಡುವ ಸ್ಕ್ರೂ) ಬಿಗಿಯಾಗಿ ಕೂರುವ ಪಾರದರ್ಶಕ ಪೈಪ್, ಪೆಡಲ್ ಮೇಲೆ ಒಬ್ಬ ಹುಡುಗ. ನಾಲ್ಕು ಚಕ್ರದ ಸರದಿ ಆಯಾ ಕಾರಿನ ಮ್ಯಾನ್ಯುಯಲ್‌ನಲ್ಲಿ ಇದ್ದಂತೆ.

"ಒತ್ತೋ ತಮ್ಮಾ... ಹಂಗ ಹಿಡಿ. ನಾ ಅನ್ನೂತನಕ ಕಾಲು ಎತ್ತಬ್ಯಾಡ."

"ಪೆಡಲ್ ಕೆಳಗ ಹೊಂಟೈತ್ರೀ ಅಣ್ಣಾ."

"ಹೋಗಲಿ, ಹಿಡಿ."

ಹುಡುಗ ಪೆಡಲ್ ಒತ್ತಿ ಹಿಡಿದಾಗ ನಾನು ಸ್ಕ್ರೂ ಸಡಿಲಿಸುತ್ತೇನೆ, ಹಳೆ ಆಯಿಲ್ ಹೊರಬರುತ್ತದೆ. ಸ್ಕ್ರೂ ಬಿಗಿದ ಮೇಲೆಯೇ ಅವನು ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಗಾಳಿ ಒಳಗೆ. ಪೆಡಲ್ ಕೆಳಗೆ ಒಂದು ಕಟ್ಟಿಗೆ ತುಂಡು ಇಡುತ್ತೇನೆ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದಾಗಿದ್ದರೆ ಅದರಲ್ಲಿ ದಿನವೂ ಸೀಲ್ ಮುಟ್ಟದ ತುದಿ ಒರಟಾಗಿರುತ್ತದೆ, ಪೆಡಲ್ ಪೂರ್ತಿ ಹೋದರೆ ಸೀಲ್ ಅಲ್ಲಿ ಹರಿಯುತ್ತದೆ. ಪೈಪಿನಲ್ಲಿ ಚಹಾ ಬಣ್ಣ ಹೋಗಿ ತಿಳಿ ಬರುವವರೆಗೆ ಬಿಡಬಾರದು. ಡಬ್ಬಿ ಖಾಲಿಯಾಗಿ ಎಬಿಎಸ್ ಪಂಪಿಗೆ ಗಾಳಿ ಹೊಕ್ಕರೆ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಇಲ್ಲದೆ ತೆಗೆಯುವುದು ಕಷ್ಟ. ಚೆಲ್ಲಿದ ಹನಿಗೆ ಕೂಡಲೇ ನೀರು ಹೊಡೆಯಿರಿ, ಪೇಂಟ್ ತಿನ್ನುತ್ತದೆ.

ಪ್ಯಾಡ್ ವಿಷಯದಲ್ಲಿ ಆಸೆ ಕಡಿಮೆ ಇರಲಿ. ಪಕ್ಕಾ ರೇಸ್ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಹಾವೇರಿ ಹತ್ತಿರ ಬೆಳಗಿನ ಜಾವ ಹೆದ್ದಾರಿಗೆ ಎಮ್ಮೆ ಅಡ್ಡ ಬಂದರೆ ಏನು ಗತಿ? ರಸ್ತೆಗೂ ಟ್ರ್ಯಾಕಿಗೂ ನಡೆಯುವ ಫೆರೋಡೋ ಡಿಎಸ್2500 ತರಹದ್ದು ಸಾಕು. 6 ಮಿ.ಮೀ.ಗಿಂತ ತೆಳುವಾದ ಪ್ಯಾಡ್ ಹಾಕಿಕೊಂಡು ನಾನು ಹೊರಡುವುದಿಲ್ಲ. ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ ಸಾಮಾನ್ಯವಾಗಿ ಕ್ಯಾಲಿಪರ್ ಜಾರುವ ಗೈಡ್ ಪಿನ್ ಹಿಡಿದುಕೊಂಡಿರುತ್ತದೆ. ಪಿನ್ ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ.

ಗೋಕುಲ ರಸ್ತೆಯ ಕಡೆ ಡಿಸ್ಕನ್ನು ಲೇತಿಗೆ ಹಾಕಿಸೋಣ ಅನ್ನುವವರು ಸಿಗುತ್ತಾರೆ. ಟ್ರ್ಯಾಕಿಗೆ ಹೋಗುವ ಡಿಸ್ಕಿಗೆ ಅದು ಬೇಡ: ಲೋಹ ಕಡಿಮೆಯಾದಷ್ಟೂ ಶಾಖ ಹಿಡಿಯುವ ಶಕ್ತಿ ಕಡಿಮೆ. ಡಿಸ್ಕಿನ ಮೇಲೆ ಕೆತ್ತಿರುವ ಕನಿಷ್ಠ ದಪ್ಪಕ್ಕೆ ಹತ್ತಿರ ಬಂದಿದ್ದರೆ ಹೊಸದೇ ಹಾಕಿ. ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಬಿರುಕು ಶುರುವಾಗುವುದೂ ಆ ತೂತಿನಿಂದಲೇ.

ಹೊಸ ಪ್ಯಾಡನ್ನು ಬಿಸಿ ಮಾಡಿ ಡಿಸ್ಕಿಗೆ ಒಗ್ಗಿಸಲು ಹುಬ್ಬಳ್ಳಿ–ಧಾರವಾಡ ಬೈಪಾಸ್ ಬಳಸಬೇಡಿ, ಹಿಂದೆ ಲಾರಿ ಇರುತ್ತದೆ. ಟ್ರ್ಯಾಕಿನ ಮೊದಲ ಸರದಿಯಲ್ಲೇ ಮಾಡುತ್ತೇನೆ: 120ರಿಂದ 60ಕ್ಕೆ ಎಂಟ್ಹತ್ತು ಸಲ, ಒಂದಕ್ಕಿಂತ ಒಂದು ಗಟ್ಟಿಯಾಗಿ, ಎಲ್ಲೂ ಪೂರ್ತಿ ನಿಲ್ಲಿಸದೆ. ಆಮೇಲೆ ಬ್ರೇಕ್ ಮುಟ್ಟದ ಒಂದು ಸುತ್ತು. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತರೆ ಅಲ್ಲೇ ಅಚ್ಚು ಬೀಳುತ್ತದೆ, ಮುಂದೆ ಪೆಡಲ್ ನಡುಗುತ್ತದೆ. ಡಿಸ್ಕ್ ಬೆಂಡಾಗಿದೆ ಎಂದು ಬಹಳ ಜನ ಬೈಯುವುದು ಈ ಅಚ್ಚಿಗೇ. ಅದಕ್ಕೇ ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಗೇರ್ 'ಪಿ'ಗೆ ಹಾಕಿ ಚಕ್ರಕ್ಕೆ ಇಟ್ಟಂಗಿ ಕೊಡುತ್ತೇನೆ. ಪೆಡಲ್ ಮೆತ್ತಗಾದರೆ ಆಯಿಲ್ ಕುದ್ದಿದೆ. ಪೆಡಲ್ ಗಟ್ಟಿ ಇದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಸುಟ್ಟಿದೆ.

ಟೈರು ತಣ್ಣಗಿದ್ದಾಗ 30 ಪಿಎಸ್‌ಐಯಿಂದ ಶುರು. ಬಿಸಿಯಾದಾಗ 36 ದಾಟಿದರೆ ಇಳಿಸುತ್ತೇನೆ. ನನ್ನ ಕಾರಿನ ವೀಲ್ ಬೋಲ್ಟ್ ಬಿಗಿಯುವುದು 120 ನ್ಯೂಟನ್ ಮೀಟರಿಗೆ, ಮೊದಲ ಸರದಿ ಮುಗಿದು ತಣಿದ ಮೇಲೆ ಮತ್ತೊಮ್ಮೆ ನೋಡಬೇಕು. ಕೆಟ್ಟು ನಿಂತ ಕಾರನ್ನು ಎಳೆಯುವ ಹುಕ್ ಮೊದಲೇ ಹಾಕಿಡಿ. ಅದರ ಥ್ರೆಡ್ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ.

ಸಂಜೆ ಟೈರಿಗೆ ಮತ್ತೆ ರಸ್ತೆಯ ಗಾಳಿ, ಪ್ಯಾಡ್ ದಪ್ಪ ಒಂದು ಸಲ ಟಾರ್ಚ್ ಹಿಡಿದು ನೋಡುವುದು. ಪೆಡಲ್ ಬೆಳಿಗ್ಗೆಗಿಂತ ಚೂರು ಮೆತ್ತಗೆ ಅನಿಸಿದರೂ ಡಿಕ್ಕಿಯಲ್ಲಿಟ್ಟ ಬಾಟಲಿ ಒಡೆದು ಮುಂದಿನ ಎರಡು ಕ್ಯಾಲಿಪರ್‌ನಿಂದ ಹಳೆ ಆಯಿಲ್ ಹೊರಬಿಟ್ಟು (ಬ್ಲೀಡ್ ಮಾಡಿ) ಆಮೇಲೆಯೇ ಊರಿನ ದಾರಿ ಹಿಡಿಯುತ್ತೇನೆ.