ಟಾಲ್ಕ್ ಇಲ್ಲದ ಕೂವೆ ಪೌಡರ್ ಮಳೆಗಾಲ ದಾಟಿತು

ಕಳೆದ ಆಗಸ್ಟ್‌ನಲ್ಲಿ ಶಿರಸಿ ಕಡೆ ಬಿಸಿಲು ಕಾಣದೆ ಹನ್ನೆರಡು ದಿನ ಆಗಿತ್ತು. ಜೂನ್‌ನಲ್ಲಿ ಕಟ್ಟಿಟ್ಟ ಕೂವೆ (ಆರಾರೂಟ್) ಪೌಡರಿನ ಪೌಚ್ ಒಂದನ್ನು ಒಡೆದೆ. ಪುಡಿ ಬೆರಳ ಸಂದಿಯಿಂದ ಜಾರಿ ಬಿತ್ತು. ಒಂದು ಗಂಟಿಲ್ಲ, ಮುಗ್ಗಲು ವಾಸನೆ ಇಲ್ಲ. "ಅದು ಗಂಜಿ ಕಾಸೋ ಹಿಟ್ಟು ಮಾರಾಯ್ತಿ, ಮೈಗೆ ಯಾರು ಹಚ್ಕೋತಾರೆ" ಅಂತಿದ್ದ ಸಂಘದವರಿಗೆಲ್ಲ ಅವತ್ತೇ ಒಂದೊಂದು ಚಿಟಿಕೆ ಕೊಟ್ಟು ಬಂದೆ. ಮನೆಯಲ್ಲೇ ಸೋಪು, ಎಣ್ಣೆ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೂವೆ ಗಡ್ಡೆ ತುರಿದು, ಸೋಸಿ, ತಿಳಿ ಬಸಿದು ಹಿಟ್ಟು ತೆಗೆಯುವುದನ್ನು ಅವರಿಗೆ ನಾನು ಹೇಳಿಕೊಡಬೇಕಿಲ್ಲ.

ಶುರುವಾಗಿದ್ದು ದೊಡ್ಡಮ್ಮನಿಂದ. ಅವರಿಗೆ ಅಂಡಾಶಯದ ಕ್ಯಾನ್ಸರ್ ಆಯಿತು. ಸ್ನಾನ ಆದಮೇಲೆ ಮೈತುಂಬ ಪೌಡರ್ ಹಾಕಿಕೊಳ್ಳದೆ ಸೀರೆ ಉಟ್ಟವರಲ್ಲ. ಪೌಡರಿನಿಂದಲೇ ಬಂತು ಅಂತ ನಾನು ಹೇಳಲ್ಲ. ಹಾಗೆ ಹೇಳಲು ಯಾರಿಂದಲೂ ಆಗಲ್ಲ. ಆದರೆ ಅವರ ಕಪಾಟಿನ ಆ ಡಬ್ಬಿ ನೋಡಿದಾಗಲೆಲ್ಲ ಮನಸ್ಸು ಕಸಿವಿಸಿ ಆಗುತ್ತಿತ್ತು.

ಅಂಥ ಪೌಡರಿನಲ್ಲಿರುವ ಟಾಲ್ಕ್ ಅಂದರೆ ಬಳಪದ ಕಲ್ಲಲ್ಲಿ ಇರುವ ಖನಿಜವೇ. ಬೇಲೂರು, ಹಳೇಬೀಡಿನ ಶಿಲ್ಪ ಕೆತ್ತಿದ್ದು ಅದೇ ಮೆದು ಕಲ್ಲಿನಲ್ಲಿ. ತೊಂದರೆ ಏನೆಂದರೆ, ನೆಲದಡಿ ಟಾಲ್ಕ್ ಇರುವ ಕಡೆ ಕಲ್ನಾರೂ (ಆಸ್ಬೆಸ್ಟಾಸ್) ಸೇರಿಕೊಂಡಿರಬಹುದು. ಕಲ್ನಾರು ಕ್ಯಾನ್ಸರ್ ತರುತ್ತೆ, ಅದರಲ್ಲಿ ಅನುಮಾನ ಇಲ್ಲ. ಬರೀ ಟಾಲ್ಕನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2024ರ ಜುಲೈನಲ್ಲಿ 2ಎ ಗುಂಪಿಗೆ ಹಾಕಿತು. ‘ಬಹುಶಃ ಕ್ಯಾನ್ಸರ್ ತರಬಹುದು’ ಅನ್ನುವ ಗುಂಪು ಅದು. 65 ಡಿಗ್ರಿಗಿಂತ ಬಿಸಿಯಾದದ್ದನ್ನು ಕುಡಿಯುವುದೂ ಅದರಲ್ಲೇ ಇದೆ, ಹಾಗಾಗಿ ಗಾಬರಿ ಬೇಡ. ಜಾನ್ಸನ್ ಅಂಡ್ ಜಾನ್ಸನ್ ತನ್ನ ಪೌಡರ್ ಸುರಕ್ಷಿತ ಅಂತ ಹೇಳುತ್ತಲೇ 2020ರಲ್ಲಿ ಅಮೆರಿಕ, ಕೆನಡಾದಲ್ಲಿ, 2023ರಲ್ಲಿ ಎಲ್ಲ ಕಡೆ ಟಾಲ್ಕ್ ಬೇಬಿ ಪೌಡರ್ ನಿಲ್ಲಿಸಿ ಮೆಕ್ಕೆಜೋಳದ ಪಿಷ್ಟಕ್ಕೆ ಬಂತು. ಮೆಕ್ಕೆಜೋಳ ಆಗುತ್ತೆ ಅಂದಮೇಲೆ ನಮ್ಮ ಕೂವೆ ಯಾಕಾಗಬಾರದು ಅಲ್ವಾ?

ಹತ್ತು ಕೆಜಿ ಗಡ್ಡೆಗೆ ನನಗೆ ಸಿಗುವುದು ಒಂದೂಕಾಲು ಕೆಜಿ ಹಿಟ್ಟು. ಮೊದಲ ವರ್ಷ 14 ಕೆಜಿ ಮಾಡಿದೆ. ಜುಲೈಗೆ ಅಷ್ಟೂ ಹಸಿರು ಬೂಸ್ಟು. ಲೇಬಲ್, ಪೌಚ್ ಸೇರಿ ಸುಮಾರು 11 ಸಾವಿರ ಗೊಬ್ಬರದ ಗುಂಡಿಗೆ ಹೋಯಿತು. ಎರಡನೇ ವರ್ಷ ಪರಿಚಯದವರ ಅಡಿಕೆ ಡ್ರೈಯರ್‌ನಲ್ಲಿ ಇಟ್ಟೆ. ಹಸಿ ಹಿಟ್ಟಿಗೆ ಕಾವು ಜಾಸ್ತಿಯಾಗಿ ಬೆಂದು, ಸಬ್ಬಕ್ಕಿ ಥರ ಗಟ್ಟಿ ಕಾಳಾಯಿತು. ಹೊಗೆ ವಾಸನೆ ಬೇರೆ. ಇನ್ನೊಂದು ಎಂಟು ಸಾವಿರ. ಮನೆಯವರು ಆಗ ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಯಿತು.

ದಾರಿ ತೋರಿಸಿದ್ದು ಅಡುಗೆಮನೆಯ ತಕ್ಕಡಿ. ಕೈಗೆ ಒಣಗಿದಂತೆ ಕಂಡ ಹಿಟ್ಟು 100 ಗ್ರಾಂ ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದೆ. 84ಕ್ಕೆ ಬಂತು. 16 ಗ್ರಾಂ ನೀರನ್ನು ಸುಮ್ನೆ ಪೌಚಿನಲ್ಲಿ ಕಟ್ಟಿ ಕೊಡುತ್ತಿದ್ದೆ! ಈಗ ಫೆಬ್ರವರಿ ಬಿಸಿಲಲ್ಲಿ ಪೂರ್ತಿ ಒಣಗಿಸಿ, ಆಮೇಲೆ 18 ಸಾವಿರಕ್ಕೆ ಕೊಂಡ ಹಳೇ ಟ್ರೇ ಡ್ರೈಯರ್‌ನಲ್ಲಿ 50-55 ಡಿಗ್ರಿಗೆ ಏಳೆಂಟು ಗಂಟೆ ಇಡುತ್ತೇನೆ. 100ರಲ್ಲಿ ನೀರು 8ಕ್ಕಿಂತ ಕಡಿಮೆಯಾದರೆ ಮಾತ್ರ ಮುಂದಿನ ಕೆಲಸ. ಬಿಸಿ ಹಿಟ್ಟು ತಣ್ಣಗಾಗುವುದೂ ಮುಚ್ಚಿದ ಸ್ಟೀಲ್ ಡಬ್ಬಿಯಲ್ಲೇ ಆಗಬೇಕು. ತೆರೆದಿಟ್ಟರೆ ಗಾಳಿಯ ತೇವ ಕುಡಿದುಬಿಡುತ್ತೆ. ಮಲ್ ಬಟ್ಟೆಯಲ್ಲಿ ಎರಡು ಸಲ ಜರಡಿ. ಸ್ವಲ್ಪ ಜಿಂಕ್ ಆಕ್ಸೈಡ್ ಸೇರಿಸುತ್ತೇನೆ, ಜೊತೆಗೆ ಇನ್ನೊಂದು ಪುಡಿ. ಅದು ಯಾವುದು, ಎಷ್ಟು ಅನ್ನುವುದು ನನ್ನಲ್ಲೇ ಇರಲಿ, ಮೂರು ವರ್ಷದ ದುಡ್ಡು ಅದರಲ್ಲಿದೆ.

ಲಾವಂಚದ ಎಣ್ಣೆ ನೇರ ಹಾಕಿದರೆ ಗಂಟಾಗುತ್ತೆ. ಒಣಗಿದ ಬೇರನ್ನೇ ಬಟ್ಟೆಯಲ್ಲಿ ಕಟ್ಟಿ ಹತ್ತು ದಿನ ಡಬ್ಬಿಯಲ್ಲಿಟ್ಟರೆ ಸಾಕು, ಹಿಟ್ಟು ತಾನೇ ಪರಿಮಳ ಹೀರುತ್ತೆ.

ನಡುವೆ ಹರಳೆಣ್ಣೆ ದೀಪದ ಕಾಡಿಗೆಯನ್ನೂ ಮಾಡಿದ್ದೆ. ಚೆನ್ನಾಗಿಯೇ ಬಂದಿತ್ತು, ನಲವತ್ತು ಡಬ್ಬಿ ಹೋಯಿತು. ಆಮೇಲೆ ಓದಿದೆ: 1775ರಲ್ಲೇ ಲಂಡನ್‌ನ ವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವವರಿಗೆ ಮಸಿಯಿಂದ ಕ್ಯಾನ್ಸರ್ ಬರುತ್ತೆ ಅಂತ ಬರೆದಿದ್ದರು. ಕಣ್ಣಿಗೆ ಹಚ್ಚುವ ಚೂರು ಕಾಡಿಗೆಯೂ ಚಿಮಣಿಯ ಮಸಿಯೂ ಒಂದೇ ಅಂತಲ್ಲ. ಆದರೂ ಟಾಲ್ಕ್ ಬೇಡ ಅಂತ ಹೇಳಿ, ಅದೇ ಕೈಯಲ್ಲಿ ಮಸಿ ಮಾರಲು ಮನಸ್ಸು ಒಪ್ಪಲಿಲ್ಲ. ನಿಲ್ಲಿಸಿದೆ.

ಮಾಡಿ ಮಾರುವುದಾದರೆ ಕಾಸ್ಮೆಟಿಕ್ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್ ಇರುವ ಸಣ್ಣ ಘಟಕವೊಂದರಲ್ಲಿ ಮಾಡಿಸಿ ಪ್ಯಾಕ್ ಮಾಡಿಸುತ್ತೇನೆ. 100 ಗ್ರಾಂಗೆ ಎಲ್ಲ ಸೇರಿ 85 ರೂಪಾಯಿ ಬೀಳುತ್ತೆ, 130ಕ್ಕೆ ಕೊಡುತ್ತೇನೆ. ಮಗುವಿಗೆ ತಗೊಳ್ಳುವವರಿಗೆ ಒಂದು ಮಾತು ತಪ್ಪದೆ ಹೇಳುತ್ತೇನೆ: ಮುಖದ ಹತ್ತಿರ ಕೊಡವಬೇಡಿ. ಕೂವೆಯಾದರೂ ಧೂಳು ಧೂಳೇ, ಶ್ವಾಸಕ್ಕೆ ಹೋಗಬಾರದು.

ಈ ಸಲ ಗಡ್ಡೆ ಕೊಳ್ಳದೆ ತೋಟದ ಅಂಚಿನಲ್ಲಿ ನಾನೇ ನಾಲ್ಕು ಸಾಲು ಹಚ್ಚಿದ್ದೇನೆ. ಎಲೆ ಹಳದಿ ಆಗುತ್ತಿದೆ, ಜನವರಿಗೆ ಕೀಳಬೇಕು.